ಸೈಕಲ್ಲಿಗೆ ಮೊಬೈಲ್ ಸಾಲದೆ?

ಗೇರ್ ಸೈಕಲ್ ಕೊಂಡು ನಾಲ್ಕಾರು ಭಾನುವಾರ ಊರಾಚೆ ತುಳಿದು ಬಂದವರಿಗೆ ಒಂದು ಬುದ್ಧಿಮಾತು ತಪ್ಪದೆ ಸಿಗುತ್ತದೆ. ಮೊಬೈಲನ್ನು ನೆಚ್ಚಿಕೊಂಡರೆ ಆಗದು, ಜಿಪಿಎಸ್ ಬೈಕ್ ಕಂಪ್ಯೂಟರ್ ಒಂದನ್ನು ಹಾಕಿಕೊಳ್ಳಿ ಎಂಬುದೇ ಆ ಮಾತು. ಹೇಳುವವರು ಸಾಮಾನ್ಯವಾಗಿ ಅನುಭವಸ್ಥರು. ಅವರ ವಾದವನ್ನು ಇದ್ದಂತೆ ಸಂಗ್ರಹಿಸಿದರೆ ಹೀಗಿರುತ್ತದೆ. ಮೊಬೈಲು ಮಾತಾಡಲೆಂದು ಹುಟ್ಟಿದ ಸಾಧನ, ಜಿಪಿಎಸ್ ಅದಕ್ಕೊಂದು ಉಪಕಸುಬು. ಅದು ತೋರಿಸುವ ದೂರ, ವೇಗ, ಏರಿದ ಎತ್ತರ ಯಾವುದನ್ನೂ ನಂಬುವ ಹಾಗಿಲ್ಲ. ನೆಟ್‌ವರ್ಕ್ ಸಿಗದ ಕಡೆ ಅದು ದಿಕ್ಕು ತಪ್ಪುತ್ತದೆ, ಬ್ಯಾಟರಿ ಅರ್ಧ ದಾರಿಗೇ ಮುಗಿಯುತ್ತದೆ, ಬಿಸಿಲಿಗೆ ಪರದೆ ಕಾಣುವುದಿಲ್ಲ, ಮಳೆ ಬಂದರೆ ಬೆರಳಿನ ಮಾತು ಕೇಳುವುದಿಲ್ಲ. ಗಾರ್ಮಿನ್, ವಾಹೂ ಮೊದಲಾದ ಕಂಪನಿಗಳು ಸೈಕಲ್ಲಿಗೆಂದೇ ಮಾಡಿದ ಉಪಕರಣಗಳಿಗೆ ಈ ಕುಂದುಗಳಿಲ್ಲ. ಆದ್ದರಿಂದ ಸೈಕ್ಲಿಂಗನ್ನು ಹೊತ್ತು ಕಳೆಯುವ ಆಟಕ್ಕಿಂತ ಮೇಲೆ ಎಣಿಸುವವರು ಇದಕ್ಕೆ ಹಣ ಹಾಕಲೇಬೇಕು. ಈ ವಾದದಲ್ಲಿ ನಿಜವಿದೆ. ಆದರೆ ನಿಜವಾದ ಕೆಲವು ಸಂಗತಿಗಳ ಜೊತೆ ನಿಜವಲ್ಲದ ಕೆಲವನ್ನು ಸೇರಿಸಿ ಒಂದೇ ಉಸಿರಿನಲ್ಲಿ ಹೇಳುವುದರಿಂದ ತೀರ್ಮಾನ ಕಲಸುಮೇಲೋಗರವಾಗಿಬಿಟ್ಟಿದೆ. ಸಾವಿರಾರು ರೂಪಾಯಿಯ ಖರೀದಿ ಇಂಥ ತೀರ್ಮಾನದ ಮೇಲೆ ನಿಲ್ಲುವುದರಿಂದ ಅದನ್ನು ಬಿಡಿಸಿ ನೋಡುವುದು ಒಳ್ಳೆಯದು.

ಹ್ಯಾಂಡಲ್ ಮೇಲೆ ಕೂರುವ ಆ ಪುಟ್ಟ ಡಬ್ಬಿ ಮಾಡುವುದು ಮೂರು ಬೇರೆ ಬೇರೆ ಕೆಲಸಗಳನ್ನು.

1. ಅಳೆಯುವುದು: ಎಲ್ಲಿದ್ದೇವೆ, ಎಷ್ಟು ದೂರ ಬಂದೆವು, ಯಾವ ವೇಗದಲ್ಲಿ, ಎಷ್ಟು ಎತ್ತರ ಏರಿದೆವು ಎಂಬುದನ್ನು ಗುರುತು ಹಾಕಿಕೊಳ್ಳುವುದು.

2. ತೋರಿಸುವುದು: ಅಳೆದದ್ದನ್ನು ತುಳಿಯುತ್ತಿರುವಾಗಲೇ ಸವಾರನ ಕಣ್ಣಿಗೆ ಬೀಳುವಂತೆ ಇಡುವುದು.

3. ತಾಳುವುದು: ಬಿಸಿಲು, ಮಳೆ, ಕುಲುಕಾಟ, ದೀರ್ಘ ಹೊತ್ತು ಇವನ್ನೆಲ್ಲ ಸಹಿಸಿ ಕೊನೆತನಕ ನಡೆಯುವುದು.

ಇವುಗಳಲ್ಲಿ ಒಂದರಲ್ಲಿ ಸೋತ ಸಾಧನ ಮಿಕ್ಕ ಎರಡರಲ್ಲೂ ಸೋಲಬೇಕೆಂದಿಲ್ಲ. ಬಿಸಿಲಿನಲ್ಲಿ ಪರದೆ ಕಾಣದಿದ್ದರೆ ಅಳತೆ ತಪ್ಪಿತು ಎಂದು ಅರ್ಥವಲ್ಲ. ಬ್ಯಾಟರಿ ಬೇಗ ಮುಗಿದರೆ ಅದಕ್ಕೆ ಜಿಪಿಎಸ್ಸೇ ಕಾರಣ ಎಂದೂ ಅಲ್ಲ. ಮೂರನ್ನೂ ಬೇರೆಬೇರೆಯಾಗಿ ತೂಗಿದರೆ ಕಾಣುವ ಚಿತ್ರ ಇದು: ಅಳೆಯುವುದರಲ್ಲಿ ಮೊಬೈಲು ಒಂದು ಬಾಬತ್ತನ್ನು ಬಿಟ್ಟರೆ ಎಲ್ಲೂ ಹಿಂದೆ ಬಿದ್ದಿಲ್ಲ; ತೋರಿಸುವುದರಲ್ಲಿ ಅದು ನಿಸ್ಸಂಶಯವಾಗಿ ಹಿಂದೆ; ತಾಳುವುದು ನಾವು ಅದನ್ನು ಎಲ್ಲಿ ಇಡುತ್ತೇವೆ ಎಂಬುದನ್ನು ಅವಲಂಬಿಸಿದೆ. ಹಾಗಾಗಿ ಮೊಬೈಲೋ ಬೈಕ್ ಕಂಪ್ಯೂಟರೋ ಎಂದು ಕೇಳುವ ಮೊದಲು ಮೊಬೈಲು ಹ್ಯಾಂಡಲ್ ಮೇಲೋ ಕಿಸೆಯಲ್ಲೋ ಎಂದು ಕೇಳಬೇಕು.

ಮೊದಲು ನೆಟ್‌ವರ್ಕಿನ ಮಾತು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ, ತಾವೆಲ್ಲಿದ್ದೇವೆ, ಈಗ ಸಮಯ ಎಷ್ಟು ಎಂಬ ಎರಡು ವಿವರಗಳನ್ನು ಎಡೆಬಿಡದೆ ಬಿತ್ತರಿಸುತ್ತಿರುತ್ತವೆ. ಕೆಳಗಿರುವ ರಿಸೀವರ್ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು, ಪ್ರತಿಯೊಂದೂ ಎಷ್ಟು ತಡವಾಗಿ ಬಂತು ಎಂಬುದರಿಂದ ತನ್ನ ಸ್ಥಾನವನ್ನು ಲೆಕ್ಕ ಹಾಕುತ್ತದೆ. ಅದು ಬರೀ ಕೇಳಿಸಿಕೊಳ್ಳುತ್ತದೆ, ತಾನಾಗಿ ಏನನ್ನೂ ಕಳುಹಿಸುವುದಿಲ್ಲ. ಆದ್ದರಿಂದ ಸಿಮ್ ತೆಗೆದಿಟ್ಟ ಮೊಬೈಲಿನಲ್ಲೂ, ಟವರ್ ಇಲ್ಲದ ಘಟ್ಟದ ಕಾಡಿನಲ್ಲೂ ಜಿಪಿಎಸ್ ನಡೆಯುತ್ತದೆ. ಹಾಗಿದ್ದರೂ ಈ ಅನುಮಾನ ಹುಟ್ಟಿದ್ದು ಸುಮ್ಮನೆ ಅಲ್ಲ. ಜಿಪಿಎಸ್‌ನ ಮೂಲ ಸಂಕೇತ ಕಕ್ಷೆಯ ವಿವರವನ್ನು ಸೆಕೆಂಡಿಗೆ ಬರೀ 50 ಬಿಟ್‌ನಂತೆ ಕಳುಹಿಸುವುದರಿಂದ, ಅದನ್ನು ಪೂರ್ತಿ ಕೇಳಿಸಿಕೊಳ್ಳಲು ಸುಮಾರು ಅರ್ಧ ನಿಮಿಷ ಬೇಕು. ಮೊಬೈಲು ಅದೇ ವಿವರವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಕ್ಷಣದಲ್ಲಿ ಸ್ಥಾನ ಹೇಳುತ್ತದೆ. ಇಂಟರ್ನೆಟ್ ಇಲ್ಲದಾಗ ತಡವಾಗುತ್ತದೆ, ಅಷ್ಟೆ. ಇನ್ನೊಂದು ಕಾರಣ ನಕ್ಷೆ. ನೆಟ್‌ವರ್ಕ್ ಹೋದಾಗ ಖಾಲಿಯಾಗುವುದು ನಕ್ಷೆಯ ಚಿತ್ರ; ಅದರ ಮೇಲಿನ ನೀಲಿ ಚುಕ್ಕೆ ತಾನಿದ್ದಲ್ಲೇ ಸರಿಯಾಗಿರುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಆಸ್ಮ್‌ಆ್ಯಂಡ್, ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪ್‌ಗಳಲ್ಲಿ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು ಹೊರಟರೆ ಆ ತೊಂದರೆಯೂ ಇಲ್ಲ.

ಇನ್ನು ನಿಖರತೆ. 2000ನೇ ಇಸವಿಯ ಮೇ ತಿಂಗಳ ತನಕ ಅಮೆರಿಕ ಸರ್ಕಾರವೇ ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡುತ್ತಿತ್ತು. ಆಗ ನೂರು ಮೀಟರಿನವರೆಗೂ ಆಚೀಚೆ ಆಗುತ್ತಿತ್ತು. ಇಂದು ತೆರೆದ ಆಕಾಶದ ಕೆಳಗೆ ಸಾಮಾನ್ಯ ಮೊಬೈಲಿನ ತಪ್ಪು ಸುಮಾರು ಐದು ಮೀಟರು. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೌ, ಎಷ್ಟೋ ಮೊಬೈಲುಗಳಲ್ಲಿ ನಮ್ಮ ಇಸ್ರೋದ ನಾವಿಕ್ ಕೂಡ ಜಿಪಿಎಸ್ ಜೊತೆ ಕೈಜೋಡಿಸಿವೆ. 2018ರಲ್ಲಿ ಶಿಯೋಮಿಯ ಎಂಐ 8 ಬಂದ ಮೇಲೆ ಎರಡು ತರಂಗಾಂತರಗಳನ್ನು ಒಟ್ಟಿಗೆ ಹಿಡಿಯುವ ಮೊಬೈಲುಗಳು ಮಾರುಕಟ್ಟೆಯಲ್ಲಿವೆ. ಕಟ್ಟಡಕ್ಕೆ ತಾಗಿ ಸುತ್ತುಬಳಸಿ ಬರುವ ಸಂಕೇತವನ್ನು ನೇರ ಸಂಕೇತದಿಂದ ಬೇರ್ಪಡಿಸಲು ಇದು ನೆರವಾಗುತ್ತದೆ. ಸೈಕಲ್ಲಿನ ಡಬ್ಬಿಯೊಳಗೆ ಇರುವುದೂ ಇದೇ ಜಾತಿಯ ಚಿಪ್ಪು. ಅದು ಕೇಳುವುದೂ ಇದೇ ಉಪಗ್ರಹಗಳನ್ನು. ಆ್ಯಂಟೆನಾದ ವಿಷಯದಲ್ಲಿ ಮಾತ್ರ ವಿರೋಧಿಗಳಿಗೆ ಅರ್ಧ ಅಂಕ ಕೊಡಬೇಕು. ಮೊಬೈಲಿನೊಳಗೆ ಹತ್ತಾರು ರೇಡಿಯೋಗಳ ನಡುವೆ ಅದಕ್ಕೆ ಇಕ್ಕಟ್ಟು, ಜೊತೆಗೆ ನೀರು ತುಂಬಿದ ನಮ್ಮ ದೇಹ ಸಂಕೇತವನ್ನು ತಡೆಯುತ್ತದೆ. ಆದರೆ ಡ್ರಾಪ್ ಹ್ಯಾಂಡಲ್ ಹಿಡಿದು ಮುಂದಕ್ಕೆ ಬಾಗಿದ ಸವಾರನ ಬೆನ್ನು ಆಕಾಶಕ್ಕೆ ಒಡ್ಡಿಕೊಂಡಿರುತ್ತದೆ. ಜೆರ್ಸಿಯ ಹಿಂಗಿಸೆ ಇರುವುದು ಅಲ್ಲಿಯೇ. ಪ್ಯಾಂಟಿನ ಜೇಬಿಗಿಂತ, ಬ್ಯಾಗಿನ ತಳಕ್ಕಿಂತ ಆ ಜಾಗ ಎಷ್ಟೋ ವಾಸಿ.

ಐದು ಮೀಟರ್ ತಪ್ಪು ಎಂದಾಕ್ಷಣ ಒಂದು ಆಕ್ಷೇಪ ಬರುತ್ತದೆ: ಪ್ರತಿ ಸೆಕೆಂಡಿಗೆ ಐದು ಮೀಟರ್ ತಪ್ಪಿದರೆ ನೂರು ಕಿಲೋಮೀಟರಿನಲ್ಲಿ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟೀತು? ಸ್ಥಾನದ ತಪ್ಪನ್ನು ದೂರದ ತಪ್ಪೆಂದು ತಿಳಿದದ್ದರಿಂದ ಬಂದ ಆಕ್ಷೇಪ ಇದು. ಈ ಸೆಕೆಂಡಿನಲ್ಲಿ ಚುಕ್ಕೆ ಮೂರು ಮೀಟರ್ ಪೂರ್ವಕ್ಕೆ ಸರಿದಿದ್ದರೆ ಮುಂದಿನ ಸೆಕೆಂಡಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಸರಿದಿರುತ್ತದೆ, ಏಕೆಂದರೆ ವಾತಾವರಣ ಮತ್ತು ಉಪಗ್ರಹಗಳಿಂದ ಬರುವ ದೋಷ ನಿಧಾನವಾಗಿ ಬದಲಾಗುವಂಥದು. ಎರಡೂ ಚುಕ್ಕೆ ಒಟ್ಟಿಗೆ ಸರಿದರೆ ಅವುಗಳ ನಡುವಿನ ಅಂತರ ಕೆಡುವುದಿಲ್ಲ. ವೇಗವನ್ನಂತೂ ರಿಸೀವರುಗಳು ಸಂಕೇತದ ಆವರ್ತನ ಎಷ್ಟು ಬದಲಾಯಿತು ಎಂಬುದರಿಂದ ನೇರವಾಗಿ ಅಳೆಯಬಲ್ಲವು. ದೂರ ತಪ್ಪುವುದು ಬೇರೆ ಕಡೆ. ಕಿರಿದಾದ ತಿರುವಿನಲ್ಲಿ ಎರಡು ಚುಕ್ಕೆಗಳ ನಡುವೆ ಗೆರೆ ನೇರವಾಗಿ ಹಾಯುವುದರಿಂದ ದೂರ ಸ್ವಲ್ಪ ಕಡಿಮೆಯಾಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಚುಕ್ಕೆ ನಿಂತಲ್ಲೇ ತಡವರಿಸಿ ದೂರ ಸ್ವಲ್ಪ ಹೆಚ್ಚುತ್ತದೆ. ಮೆಟ್ರೋ ಮಾರ್ಗದ ಅಡಿಯಲ್ಲಿ, ದಟ್ಟ ಮರಗಳ ಕೆಳಗೆ ಗೆರೆ ಸೊಟ್ಟಗಾಗುತ್ತದೆ. ಈ ಮೂರೂ ಕಷ್ಟ ಜಿಪಿಎಸ್ ಒಂದನ್ನೇ ನಂಬಿದ ಬೈಕ್ ಕಂಪ್ಯೂಟರಿಗೂ ಅಷ್ಟೇ ಇವೆ. ದೂರದ ಅಳತೆ ಪಕ್ಕಾ ಬೇಕೆನ್ನುವವರು ಚಕ್ರದ ಸುತ್ತು ಎಣಿಸುವ ಸೆನ್ಸರನ್ನು ಹಾಕಿಕೊಳ್ಳಬೇಕು. ಬ್ಲೂಟೂತ್ ಇರುವ ಸೆನ್ಸರು ಮೊಬೈಲಿಗೂ ಕೂಡಿಕೊಳ್ಳುತ್ತದೆ. ಆದರೆ ಚಕ್ರವೂ ಸತ್ಯಹರಿಶ್ಚಂದ್ರನೇನಲ್ಲ. 700×25 ಟೈರಿನ ಸುತ್ತಳತೆ ಸುಮಾರು 2,105 ಮಿಲಿಮೀಟರು, 700×32ರದ್ದು ಸುಮಾರು 2,155. ಟೈರು ಬದಲಿಸಿ ಈ ಅಂಕಿಯನ್ನು ಬದಲಿಸಲು ಮರೆತರೆ ನೂರು ಕಿ.ಮೀ.ಗೆ ಎರಡು ಕಿ.ಮೀ.ಗೂ ಮೀರಿ ವ್ಯತ್ಯಾಸ ಬರುತ್ತದೆ, ಅದೂ ಪ್ರತಿ ಸಲ ಒಂದೇ ದಿಕ್ಕಿನಲ್ಲಿ. ಜಿಪಿಎಸ್‌ನ ತಪ್ಪು ಹೆಚ್ಚಾಗಿ ಆಚೆಗೊಮ್ಮೆ ಈಚೆಗೊಮ್ಮೆ ವಾಲುತ್ತ ಸರಿದೂಗುತ್ತದೆ. ಚಕ್ರದ ತಪ್ಪು ಕೂಡುತ್ತಲೇ ಹೋಗುತ್ತದೆ.

ಮೇಲೆ ಬಿಟ್ಟ ಒಂದು ಬಾಬತ್ತು ಎತ್ತರ. ಇಲ್ಲಿ ರೂಢಿಯ ಮಾತು ಸರಿ. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲಿನ ಅರ್ಧಗೋಳದಲ್ಲೇ ಇರುವುದರಿಂದ, ಕೆಳಗಿನಿಂದ ನೋಡುವ ಉಪಗ್ರಹ ಒಂದೂ ಇಲ್ಲದ್ದರಿಂದ, ಲಂಬ ದಿಕ್ಕಿನ ತಪ್ಪು ಅಡ್ಡದಿಕ್ಕಿನದಕ್ಕಿಂತ ದೊಡ್ಡದು. ನೂರು ಮೀಟರ್ ದಾರಿಯಲ್ಲಿ ಎತ್ತರ ಹತ್ತು ಮೀಟರ್ ತಪ್ಪಿದರೆ ಮಟ್ಟಸ ರಸ್ತೆ ಕೂಡ ಶೇಕಡ 10ರ ಏರಾಗಿ ಕಾಣುತ್ತದೆ. ಸೈಕಲ್ಲಿನ ಉಪಕರಣಗಳು ಬಹುಮಟ್ಟಿಗೆ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇಟ್ಟುಕೊಂಡು ಇದನ್ನು ನಿವಾರಿಸುತ್ತವೆ. ಐಫೋನ್‌ಗಳಿಗೆ 2014ರ ಐಫೋನ್ 6ರಿಂದ ಈ ಸೆನ್ಸರ್ ಬಂದಿದೆ. ಅಗ್ಗದ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಅನೇಕಕ್ಕೆ ಇಲ್ಲ. ಆದರೆ ಇದನ್ನೂ ಅತಿ ಮಾಡಬೇಕಾಗಿಲ್ಲ. ಹವೆ ಬದಲಾಗಿ ಒತ್ತಡ ಒಂದು ಹೆಕ್ಟೋಪಾಸ್ಕಲ್ ಇಳಿದರೆ ಬ್ಯಾರೋಮೀಟರು ನಾವು ಎಂಟೊಂಬತ್ತು ಮೀಟರ್ ಏರಿದೆವೆಂದು ತಿಳಿಯುತ್ತದೆ. ಮಳೆ ಮೋಡ ಕವಿದ ಸಂಜೆ ಅದೂ ಕತೆ ಹೇಳುತ್ತದೆ. ಸವಾರಿ ದಾಖಲಿಸುವ ಸ್ಟ್ರಾವಾದಂಥ ಆ್ಯಪ್‌ಗಳು ಬ್ಯಾರೋಮೀಟರ್ ಇಲ್ಲದ ಸಾಧನದಿಂದ ಬಂದ ದಾಖಲೆಯ ಎತ್ತರವನ್ನು ಭೂಪಟದ ಎತ್ತರದೊಡನೆ ತಾಳೆ ನೋಡಿ ತಿದ್ದುತ್ತವೆ. ಸುಮಾರು 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಹೋಗಿ ಬಂದ ಮೇಲೆ ಒಟ್ಟು ಎಷ್ಟು ಏರಿದೆ ಎಂದು ತಿಳಿಯಲು ಇಷ್ಟು ಸಾಕು. ಏರುತ್ತಿರುವಾಗಲೇ ಈ ಕ್ಷಣದ ಇಳಿಜಾರು ಎಷ್ಟು ಎಂದು ತಿಳಿಯಲು ಸಾಲದು.

ಮೊಬೈಲಿನ ಅಳತೆಗೆ ಕೆಟ್ಟ ಹೆಸರು ತಂದದ್ದು ಹೆಚ್ಚಾಗಿ ಜಿಪಿಎಸ್ ಅಲ್ಲವೇ ಅಲ್ಲ. ಹೆಬ್ಬಾಳದವರೆಗೆ ರಸ್ತೆಯ ಮೇಲೆ ಅಚ್ಚುಕಟ್ಟಾಗಿ ಬಂದ ಗೆರೆ ಅಲ್ಲಿಂದ ಹೊಲ, ಕೆರೆ, ವಿಮಾನ ನಿಲ್ದಾಣ ಯಾವುದನ್ನೂ ಲೆಕ್ಕಿಸದೆ ನೇರವಾಗಿ ದೇವನಹಳ್ಳಿಗೆ ಹಾರಿದ್ದನ್ನು ಕಂಡವರು 'ಮೊಬೈಲ್ ಜಿಪಿಎಸ್ ಇಷ್ಟೇ' ಎನ್ನುತ್ತಾರೆ. ಉಪಗ್ರಹ ತಪ್ಪಿದರೆ ಗೆರೆ ನಡುಗುತ್ತದೆ, ಹೀಗೆ ದಾರ ಎಳೆದಂತೆ ನೇರವಾಗುವುದಿಲ್ಲ. ಇಲ್ಲಿ ಆದದ್ದು ಬೇರೆ: ಪರದೆ ಆರಿದ ಮೇಲೆ, ಬ್ಯಾಟರಿ ಉಳಿಸುವ ಉತ್ಸಾಹದಲ್ಲಿ ಮೊಬೈಲಿನ ಆಪರೇಟಿಂಗ್ ಸಿಸ್ಟಂ ಆ್ಯಪನ್ನೇ ಮಲಗಿಸಿದೆ. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಈ ಕಾಟ ಹೆಚ್ಚು. ಸೆಟ್ಟಿಂಗ್ಸಿಗೆ ಹೋಗಿ ಆ ಒಂದು ಆ್ಯಪಿಗೆ ಬ್ಯಾಟರಿಯ ನಿರ್ಬಂಧ ತೆಗೆದು, ಬ್ಯಾಟರಿ ಸೇವರ್ ಆಫ್ ಮಾಡಿ ಹೊರಟರೆ ಮುಕ್ಕಾಲು ಪಾಲು ದೂರು ಅಲ್ಲಿಗೇ ತೀರುತ್ತದೆ. ಸೆಟ್ಟಿಂಗಿನ ಲೋಪವನ್ನು ಯಂತ್ರದ ಜಾಯಮಾನವೆಂದು ಬಗೆದು ಹೊಸ ಯಂತ್ರ ಕೊಳ್ಳುವುದು ದುಬಾರಿ ಪರಿಹಾರ.

ಅಳತೆಯಿಂದ ತೋರಿಕೆಗೆ ಬಂದರೆ ವಾದದ ಬಲ ಬೈಕ್ ಕಂಪ್ಯೂಟರಿನ ಕಡೆಗೆ ವಾಲುತ್ತದೆ, ವಾಲಲೇಬೇಕು. ಮೊಬೈಲಿನ ಪರದೆ ತನ್ನ ಬೆಳಕಿನಿಂದ ಕಾಣುವಂಥದು. ನಡುಹಗಲಿನ ಸೂರ್ಯನೊಡನೆ ಪೈಪೋಟಿಗೆ ಬಿದ್ದು ಅದು ಪೂರ್ತಿ ಪ್ರಖರವಾಗಿ ಉರಿಯಬೇಕು. ಅನೇಕ ಬೈಕ್ ಕಂಪ್ಯೂಟರುಗಳ ಪರದೆ ಬಿದ್ದ ಬಿಸಿಲನ್ನೇ ತಿರುಗಿಸಿ ಕಾಣುವಂಥದು. ಬಿಸಿಲು ಹೆಚ್ಚಿದಷ್ಟೂ ಅದು ಚೆನ್ನ. ಬ್ಯಾಟರಿಯ ಗುಟ್ಟು ಕೂಡ ಇಲ್ಲಿಯೇ ಇದೆ. ಈಗಿನ ಮೊಬೈಲಿನ 5,000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್‌–ಗಂಟೆಯಷ್ಟು ವಿದ್ಯುತ್ತು ಇರುತ್ತದೆ. ಪರದೆ ಪೂರ್ತಿ ಉರಿಸಿಕೊಂಡು ಒಟ್ಟು ಎರಡರಿಂದ ಎರಡೂವರೆ ವ್ಯಾಟ್ ಎಳೆದರೆ ಏಳೂವರೆಯಿಂದ ಒಂಬತ್ತೂವರೆ ಗಂಟೆಗೆ ಅದು ಖಾಲಿ. ಅದಕ್ಕಿಂತ ಎಷ್ಟೋ ಚಿಕ್ಕ ಬ್ಯಾಟರಿಯ ಡಬ್ಬಿ ಹದಿನೈದು ಗಂಟೆ ನಡೆಯುವುದು ಪರದೆಯ ಈ ಮಿತವ್ಯಯದಿಂದ. ಆದರೆ ಇದೇ ಲೆಕ್ಕವನ್ನು ಇನ್ನೊಂದು ಮಗ್ಗುಲಿಂದ ನೋಡಿ: ಕುಡಿಯುವುದು ಮುಖ್ಯವಾಗಿ ಪರದೆ, ಜಿಪಿಎಸ್ ಚಿಪ್ಪು ಬೇಡುವುದು ಅಲ್ಪ. ಪರದೆ ಆರಿಸಿ ಕಿಸೆಯಲ್ಲಿಟ್ಟ ಅದೇ ಮೊಬೈಲು ಇಡೀ ದಿನದ ಸವಾರಿಯನ್ನು ದಾಖಲಿಸಿ ಸಂಜೆಗೆ ಇನ್ನೂ ಕರೆಗೆ ಉಳಿದಿರುತ್ತದೆ.

ತಾಳಿಕೆಯ ದೂರುಗಳೂ ಹೆಚ್ಚುಕಡಿಮೆ ಎಲ್ಲ ಹ್ಯಾಂಡಲ್ಲಿಗೇ ಸೇರಿದವು. ಐಫೋನನ್ನು ಸುತ್ತಲಿನ ಉಷ್ಣತೆ 35 ಡಿಗ್ರಿ ಮೀರದ ಕಡೆ ಬಳಸಿ ಎಂದು ಆ್ಯಪಲ್ ಹೇಳುತ್ತದೆ; ಏಪ್ರಿಲ್ಲಿನ ಕಲಬುರಗಿಯಲ್ಲಿ, ರಾಯಚೂರಿನಲ್ಲಿ ನೆರಳಲ್ಲೇ ಆ ಗಡಿ ದಾಟಿರುತ್ತದೆ. ನೇರ ಬಿಸಿಲಿಗೆ ಒಡ್ಡಿದ ಕಪ್ಪು ಗಾಜು ಕಾದು, ಮೊದಲು ಮಂಕಾಗಿ ಆಮೇಲೆ ಆರಿಹೋಗುವುದರಲ್ಲಿ ಆಶ್ಚರ್ಯವಿಲ್ಲ. ಏರಿನಲ್ಲಿ ಗಲ್ಲದಿಂದ ತೊಟ್ಟಿಕ್ಕಿದ ಒಂದು ಹನಿ ಬೆವರನ್ನು ಪರದೆ ಬೆರಳೆಂದೇ ತಿಳಿದು ದಾಖಲೆಯನ್ನು ನಿಲ್ಲಿಸಿಬಿಡಬಲ್ಲದು. ಗುಂಡಿಯಿರುವ ಡಬ್ಬಿಗೆ ಆ ಭಯವಿಲ್ಲ. ಬಲಿಷ್ಠ ಎಂಜಿನ್ನಿನ ಮೋಟಾರ್ ಸೈಕಲ್ಲುಗಳ ಕಂಪನದಿಂದ ಐಫೋನಿನ ಕ್ಯಾಮೆರಾ ಕೆಡಬಹುದೆಂದು ಆ್ಯಪಲ್ 2021ರಲ್ಲಿ ಎಚ್ಚರಿಸಿತು. ಅದು ತುಳಿಯುವ ಸೈಕಲ್ಲಿನ ಬಗ್ಗೆ ಹೇಳಿದ್ದಲ್ಲ, ಎರಡನ್ನೂ ಒಂದೇ ಎನ್ನುವುದು ತಪ್ಪು. ಆದರೂ ನಮ್ಮ ರಸ್ತೆಯ ಹೊಂಡಗಳಿಗೆ ಹೋಲ್ಡರ್ ಸಡಿಲಾಗಿ ಮೊಬೈಲು ಟಾರಿಗೆ ಬೀಳುವ ಅಪಾಯಕ್ಕೆ ಆ್ಯಪಲ್ಲಿನ ಸಾಕ್ಷಿ ಬೇಕಿಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ ಕಣ್ಣಿನದು. 25 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಪರದೆ ನೋಡಿದರೆ ಸುಮಾರು 14 ಮೀಟರ್ ರಸ್ತೆ ನೋಡದೆ ಕಳೆದಿರುತ್ತದೆ. ಮೊಬೈಲು ಆ ಎರಡು ಸೆಕೆಂಡನ್ನು ವೇಗ ತೋರಿಸಲು ಮಾತ್ರ ಕೇಳುವುದಿಲ್ಲ. ವಾಟ್ಸ್‌ಆ್ಯಪ್ ಸಂದೇಶ, ಬ್ಯಾಂಕಿನ ಜಾಹೀರಾತು, ಕರೆ ಎಲ್ಲಕ್ಕೂ ಕೇಳುತ್ತದೆ. ಚಾಲನೆಯ ವೇಳೆ ಕೈಸಾಧನವನ್ನು ದಾರಿ ನೋಡಲು ಮಾತ್ರ, ಅದೂ ಗಮನ ಕೆಡದಂತೆ ಬಳಸಬೇಕೆಂದು 2020ರಲ್ಲಿ ತಿದ್ದಿದ ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಸೈಕಲ್ಲು ಮೋಟಾರು ವಾಹನವಲ್ಲವಾದ್ದರಿಂದ ನಿಯಮ ನಮಗೆ ಅಂಟುವುದಿಲ್ಲ. ಅದರ ಹಿಂದಿನ ವಿವೇಕ ಅಂಟುತ್ತದೆ.

ಕಿಸೆಯ ಪರವಾದ ಈ ವಾದಕ್ಕೆ ಮೂರು ಆಕ್ಷೇಪ ಬರಬಹುದು. ಮೊದಲನೆಯದು: ಕಿಸೆಯಲ್ಲಿಟ್ಟರೆ ದಾರಿ ನೋಡುವುದು ಹೇಗೆ? ತಿರುವು ಬಂದಾಗ ಹೇಳುವ ಧ್ವನಿ ಇದೆ. ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ವಾಹನದ ಸದ್ದು ಇನ್ನೊಂದರಲ್ಲಿ ಕೇಳುತ್ತದೆ. ಅದೂ ಬೇಡವೆನಿಸಿದರೆ ಕವಲಿನಲ್ಲಿ ನಿಂತು ನೋಡಬಹುದು. ಗೊತ್ತಿರುವ ರಸ್ತೆಯಲ್ಲಿ ಇದರ ಅಗತ್ಯವೇ ಬಾರದು. ಊರಿಂದೂರಿಗೆ ಹತ್ತಾರು ಕವಲಿನ ಹಳ್ಳಿದಾರಿ ಹಿಡಿದವರಿಗೆ ಮಾತ್ರ ಇದು ನಿಜವಾದ ಅಡ್ಡಿ. ಎರಡನೆಯದು: ವೇಗ, ದೂರ ಕಣ್ಣೆದುರು ಇಲ್ಲದಿದ್ದರೆ ತುಳಿಯುವ ಹುರುಪೇ ಇರದು. ಒಪ್ಪೋಣ. ಆದರೆ ಆ ಎರಡು ಅಂಕಿಗಳಿಗಾಗಿ ಉಪಗ್ರಹ ಬೇಕಿಲ್ಲ. ಕಡ್ಡಿಗೆ ಮ್ಯಾಗ್ನೆಟ್ ಕಟ್ಟಿ, ಫೋರ್ಕಿಗೆ ಸೆನ್ಸರ್ ಬಿಗಿದು, ಕೆಲವು ನೂರು ರೂಪಾಯಿಗೆ ಬರುವ ಸಾದಾ ಮೀಟರ್ ಸಾಕು. ಅದರ ಗುಂಡಿಸೆಲ್ಲು ತಿಂಗಳುಗಟ್ಟಲೆ ಬರುತ್ತದೆ, ಬಿಸಿಲಲ್ಲೂ ಕಾಣುತ್ತದೆ. ದಾಖಲೆ ಕಿಸೆಯಲ್ಲಿ, ಅಂಕಿ ಹ್ಯಾಂಡಲ್ಲಿನಲ್ಲಿ ಎಂದು ಕೆಲಸ ಹಂಚಿದರೆ ಎರಡೂ ಸಾಧನ ತಾವು ಬಲ್ಲ ಕೆಲಸವನ್ನಷ್ಟೇ ಮಾಡುತ್ತವೆ. ಮೂರನೆಯದು, ಇದ್ದುದರಲ್ಲಿ ತೂಕವುಳ್ಳದ್ದು: ಅಪಘಾತವಾದರೆ, ಟೈರ್ ಹರಿದರೆ ಮನೆಗೆ ಕರೆ ಮಾಡಬೇಕಾದ ಸಾಧನದ ಬ್ಯಾಟರಿಯನ್ನು ದಾಖಲೆಗೆ ಸುರಿಯುವುದು ಸರಿಯೇ? ಪರದೆ ಆರಿಸಿದಾಗ ವೆಚ್ಚ ಎಷ್ಟು ತಗ್ಗುತ್ತದೆ ಎಂಬುದನ್ನು ಮೇಲೆ ನೋಡಿದೆವು. ದೂರದ ದಾರಿಗೆ ಒಂದು ಸಣ್ಣ ಪವರ್ ಬ್ಯಾಂಕ್ ಮಿಕ್ಕದ್ದನ್ನು ತುಂಬುತ್ತದೆ. ಜೊತೆಗೆ, ಸವಾರ ಬಿದ್ದಾಗ ಮನೆಯವರಿಗೆ ಸುದ್ದಿ ಮುಟ್ಟಿಸುವ, ಎಲ್ಲಿದ್ದಾನೆಂದು ತೋರಿಸುತ್ತಿರುವ ಸೌಲಭ್ಯಕ್ಕೆ ಬಹುಪಾಲು ಬೈಕ್ ಕಂಪ್ಯೂಟರುಗಳೂ ಕಿಸೆಯಲ್ಲಿರುವ ಮೊಬೈಲನ್ನೇ ಆಶ್ರಯಿಸುತ್ತವೆ ಎಂಬುದನ್ನು ಮರೆಯಬಾರದು.

ಹಾಗಾದರೆ ಆ ಡಬ್ಬಿ ಯಾರಿಗೂ ಬೇಡವೇ? ಬೇಕು, ಆದರೆ ಸರಿಯಾದ ಕಾರಣಕ್ಕೆ. ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ, ಮಾಡುವವರನ್ನು ತೆಗೆದುಕೊಳ್ಳಿ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600 ಕಿ.ಮೀ.ಗೆ 40 ಗಂಟೆಯ ಗಡುವು. ರಾತ್ರಿ, ಮಳೆ, ಗೊತ್ತಿಲ್ಲದ ಕವಲು, ಜೊತೆಗೆ ಮುಂದಿನ ಕಂಟ್ರೋಲಿಗೆ, ಅಂದರೆ ತಪಾಸಣೆಯ ತಾಣಕ್ಕೆ, ಸಮಯ ಮೀರುವ ಆತಂಕ. ಅವರಿಗೆ ಸದಾ ಉರಿಯುವ, ಮಳೆಗೆ ಅಂಜದ ಪರದೆ ನಿಜವಾಗಿ ಬೇಕು. ಪವರ್ ಮೀಟರ್ ಹಾಕಿಕೊಂಡು ನಿಮಿಷ ನಿಮಿಷಕ್ಕೆ ಇಷ್ಟು ವ್ಯಾಟ್ ಎಂದು ತರಬೇತಿ ಮಾಡುವವರಿಗೂ, ಆ್ಯಂಟ್ ಪ್ಲಸ್‌ನ ಹಳೆಯ ಸೆನ್ಸರುಗಳನ್ನು ಉಳಿಸಿಕೊಂಡವರಿಗೂ ಅಷ್ಟೇ ಬೇಕು, ಏಕೆಂದರೆ ಬಹುಪಾಲು ಮೊಬೈಲುಗಳು ಆ ರೇಡಿಯೋ ಭಾಷೆಯನ್ನು ಆಡುವುದಿಲ್ಲ. ಇವರಲ್ಲಿ ಯಾರೂ ಹಣ ಕೊಡುವುದು ಹೆಚ್ಚು ನಿಖರವಾದ ಉಪಗ್ರಹಕ್ಕಲ್ಲ. ಪರದೆಗೆ, ಗುಂಡಿಗೆ, ಬ್ಯಾಟರಿಗೆ. ಕೊಳ್ಳುವವರು ಇದನ್ನು ತಿಳಿದು ಕೊಂಡರೆ ಕೈಗೆ ಬಂದದ್ದು ಯಾವುದಕ್ಕೆ ಒದಗುತ್ತದೆ ಎಂಬುದೂ ತಿಳಿದಿರುತ್ತದೆ.

ಎದುರು ಪಕ್ಷದ ಗೊಂದಲವನ್ನೂ ಒಪ್ಪಲಾಗದು. 'ಮೊಬೈಲಿನಲ್ಲಿ ಎಲ್ಲ ಇದೆ, ಬೇರೆ ಯಂತ್ರ ದಂಡ' ಎನ್ನುವವರು ಅದನ್ನು ತಂದು ಹ್ಯಾಂಡಲ್ಲಿಗೇ ಬಿಗಿಯುತ್ತಾರೆ. ಅಲ್ಲಿಗೆ ಮೊಬೈಲಿನ ಬಲವೆಲ್ಲ ಮರೆಯಾಗಿ ಕುಂದುಗಳೆಲ್ಲ ಮುಂದಕ್ಕೆ ಬರುತ್ತವೆ. ಆಮೇಲೆ ಬೇಸತ್ತು ಡಬ್ಬಿ ಕೊಂಡು, ಮೊಬೈಲ್ ಜಿಪಿಎಸ್ ಸರಿಯಿಲ್ಲ ಎಂದು ಮುಂದಿನವರಿಗೆ ಬುದ್ಧಿ ಹೇಳುವವರೂ ಅವರೇ. ಹೊಸದಾಗಿ ಸೈಕಲ್ ಹತ್ತಿದವರಿಗೆ ಹೇಳಬೇಕಾದದ್ದು ಇಷ್ಟು: ಆ್ಯಪಿನ ಬ್ಯಾಟರಿ ನಿರ್ಬಂಧ ತೆಗೆಯಿರಿ, ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ, ಬಯಲಿನಲ್ಲಿ ಒಂದು ನಿಮಿಷ ನಿಂತು ಸ್ಥಾನ ಸಿಕ್ಕ ಮೇಲೆ ದಾಖಲೆ ಆರಂಭಿಸಿ, ಪರದೆ ಆರಿಸಿ ಹಿಂಗಿಸೆಗೆ ಹಾಕಿ ತುಳಿಯಿರಿ. ಒಂದು ವರ್ಷ ಹೀಗೆ ತುಳಿದ ಮೇಲೂ ಕಣ್ಣೆದುರು ಪರದೆ ಬೇಕೇ ಬೇಕೆನಿಸಿದರೆ ಬೈಕ್ ಕಂಪ್ಯೂಟರ್ ಕೊಳ್ಳಿ. ಅಲ್ಲಿಯವರೆಗೆ ಆ ಹಣವನ್ನು ಒಳ್ಳೆಯ ಹೆಲ್ಮೆಟ್ಟಿಗೂ ಹಿಂದಿನ ಕೆಂಪು ದೀಪಕ್ಕೂ ಹಾಕುವುದು ಮೇಲು.